ಸೀನು ಕಾಯಿಲೆಯಲ್ಲದ ಮನೆ

ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಎದೆ ಬೆಚ್ಚಗಾಗುತ್ತದೆ. ನಮ್ಮಮ್ಮ ಮಾತು ಕಡಿಮೆಯ ಹೆಂಗಸು. ಮುದ್ದು ಮಾಡಿದ್ದು ನೆನಪಿಲ್ಲ. ಆದರೆ ನನಗೆ ನೆಗಡಿಯಾದ ದಿನ ಬಟ್ಟಲಲ್ಲಿ ಎಣ್ಣೆ ಬಿಸಿ ಮಾಡಿ, ಎರಡು ಬಿಲ್ಲೆ ಕರ್ಪೂರ ಪುಡಿಮಾಡಿ ಹಾಕಿ, ತನ್ನ ಒರಟು ಅಂಗೈಯಿಂದ ಎದೆಗೆ, ಬೆನ್ನಿಗೆ, ಅಂಗಾಲಿಗೆ ತಿಕ್ಕುತ್ತಿದ್ದಳು. ಅವಳ ಅಕ್ಕರೆಯೆಲ್ಲ ಆ ಬಟ್ಟಲಲ್ಲಿತ್ತು. ಅದೇ ಎಣ್ಣೆಯಿಂದ ನಾನು, ಅರವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಬೆಕ್ಕಿನ ಮರಿಯನ್ನು ಸಾವಿನ ಬಾಗಿಲಿಗೆ ಕಳಿಸಿದ್ದೆ.

ಆ ಮರಿಯ ಕಥೆ ಹೇಳುವುದಕ್ಕೆ ಮೊದಲು ನಮ್ಮ ಮನೆಯ ಸೀನಿನ ಕಥೆ ಹೇಳಬೇಕು.

ನಮ್ಮದು ಹಾಸಿಗೆ ಮಾಡುವ ಮನೆ. ಕೆಳಗೆ ಅಂಗಡಿ, ಮೇಲೆ ವಾಸ. ನಡುವೆ ಹದಿನಾಲ್ಕು ಮೆಟ್ಟಿಲು. ಅಂಗಡಿಯ ಹಿಂಭಾಗದಲ್ಲಿ ಹತ್ತಿ ಹಿಂಜುವ ಯಂತ್ರ. ಅದು ಬೆಳಿಗ್ಗೆ ಶುರುವಾಯಿತೆಂದರೆ ಅರಳೆಯ ನವಿರು ಹಬೆಯ ಹಾಗೆ ಎದ್ದು, ಮೆಟ್ಟಿಲೇರಿ, ಮೇಲೆ ಬರುತ್ತದೆ. ಹಾಲಿನ ಪಾತ್ರೆಯ ಮುಚ್ಚಳ, ಕನ್ನಡಿ, ಕ್ಯಾಲೆಂಡರು, ನನ್ನ ಕನ್ನಡಕ, ಎಲ್ಲದರ ಮೇಲೂ ಬಿಳಿ ರೋಮ. ನಮ್ಮ ಯಜಮಾನರು ನಲವತ್ತು ವರ್ಷ ಆ ಯಂತ್ರದ ಮುಂದೆ ನಿಂತವರು. ಮಗ ಸಿದ್ಧವಾದ ಹಾಸಿಗೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ತಲುಪಿಸುತ್ತಾನೆ. ಸೊಸೆ ಗವಸು ಹೊಲಿಯುತ್ತಾಳೆ. ಹನ್ನೊಂದು ವರ್ಷದ ಮೊಮ್ಮಗಳು ಶಾಲೆಯಿಂದ ಬಂದು ದಿಂಬಿಗೆ ಅರಳೆ ತುಂಬುತ್ತಾಳೆ, ತುಂಬುವುದಕ್ಕಿಂತ ಹೆಚ್ಚು ಮಾತಾಡುತ್ತಾಳೆ.

ಎಲ್ಲರೂ ಸೀನುತ್ತೇವೆ. ಇವರದು ಪಟಾಕಿ ಸರದ ಹಾಗೆ ಏಳೆಂಟು ಒಟ್ಟಿಗೆ. ಮಗನದು ಬಾಗಿಲು ಬಡಿದ ಹಾಗೆ ಒಂದೇ. ಕಣ್ಣು ಮುಚ್ಚಿಕೊಂಡು ಯಾರು ಸೀನಿದರೆಂದು ಮೊಮ್ಮಗಳು ಹೇಳಬಲ್ಲಳು. ಹೊಸಬರು ಯಾರಾದರೂ ‘ನೆಗಡಿನಾ?’ ಎಂದು ಕೇಳಿದರೆ ಇವರು ನಗುತ್ತಿದ್ದರು: “ನಮ್ಮ ಮನೇಲಿ ಸೀನು ಕಾಯಿಲೆ ಅಲ್ಲ ಸ್ವಾಮಿ, ಕಸುಬು. ಸೀನು ನಿಂತ ದಿನ ಅಂಗಡಿಗೆ ಬೀಗ.”

ಮರಿಗಳು ಸಿಕ್ಕಿದ್ದು ಅಂಗಡಿಯ ಮೂಲೆಯಲ್ಲಿ, ಬಾಯಿ ಬಿಚ್ಚಿದ ಅರಳೆ ಮೂಟೆಯೊಳಗೆ. ಬೂದು ಬಣ್ಣದ ತಾಯಿ ಕಿಟಕಿಯಿಂದ ಬಂದು ಹೋಗುತ್ತಿತ್ತು. ಒಂದು ದಿನ ಹೋದದ್ದು ಮತ್ತೆ ಬರಲಿಲ್ಲ. ಉಳಿದವು ಮೂರು. ಕಪ್ಪಗಿದ್ದದ್ದಕ್ಕೆ ಮೊಮ್ಮಗಳು ಮಸಿ ಎಂದು ಹೆಸರಿಟ್ಟಳು, ಬೆಳ್ಳಗಿದ್ದದ್ದಕ್ಕೆ ಅರಳೆ. ಮೂರನೆಯದು ಕಡ್ಡಿಯಂತಿತ್ತು, ಬಾಲ ನೆಟ್ಟಗೆ, ಚೂಪಾಗಿ. ಅದಕ್ಕೆ ದಬ್ಬಣ ಎಂದಳು. ಹಾಸಿಗೆ ಹೊಲಿಯುವ ಉದ್ದ ಸೂಜಿಯ ಹೆಸರು.

ಇವರು ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟರು. “ಉಗುರಿರೋ ಪ್ರಾಣಿ ಒಂದೂ ನನ್ನ ಅಂಗಡೀಲಿ ಬೇಡ. ಒಂದು ಸಲ ಪರಚಿದ್ರೆ ಗವಸು ಹೋಯ್ತು. ತಿಂಗಳ ಕೊನೆಗೆ ಇವು ಇಲ್ಲಿರಬಾರದು.”

ಸೊಸೆ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದಳು: “ಹಾಗಾದ್ರೆ ನಾನೂ ಗಂಟು ಕಟ್ಟಬೇಕು ಮಾವ. ನನಗೂ ಹತ್ತು ಉಗುರಿದೆ.”

“ನೋಡಿದ್ಯಾ ಇವಳ ಬಾಯಿ!” ಎಂದು ಇವರು ನನ್ನ ಕಡೆ ತಿರುಗಿದರು. ಯಾವತ್ತಿನಂತೆ ನಾನು ಸುಮ್ಮನಿದ್ದೆ.

ಸುಮ್ಮನಿರುವುದು ನನಗೆ ಚೆನ್ನಾಗಿ ರೂಢಿಯಾಗಿತ್ತು. ಊಟದ ಹೊತ್ತಿನಲ್ಲಂತೂ ಅದೇ ನನ್ನ ಕೆಲಸ. ಆರು ವರ್ಷದಿಂದ ಇವರಿಗೆ ಸೊಸೆಯ ಅಡುಗೆ ಹಿಡಿಸುತ್ತಿರಲಿಲ್ಲ. ಬೆಳ್ಳುಳ್ಳಿ ಒಗ್ಗರಣೆಯ ಘಮ ರಸ್ತೆಯವರೆಗೆ ಹೋಗಿರುತ್ತಿತ್ತು. ಇವರು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದರು.

“ಏನಮ್ಮಾ ಇದು? ಒದ್ದೆ ಅರಳೆ ತಿಂದ ಹಾಗಿದೆ.”

“ಉಪ್ಪು ಕಡಿಮೆಯಾಯ್ತಾ ಮಾವ?”

“ಉಪ್ಪು ಇದೆ. ಉಪ್ಪು ಬಿಟ್ಟು ಬೇರೇನೂ ಇಲ್ಲ. ನನ್ನ ಹೆಂಡತಿ ಮಾಡ್ತಿದ್ದಾಗ ಊಟ ಊಟದ ಥರ ಇತ್ತು.”

ಆರು ವರ್ಷದ ಹಿಂದೆ ನನ್ನ ಮೊಣಕಾಲು ಕೈಕೊಟ್ಟು, ಒಲೆ ಸೊಸೆಯ ಪಾಲಾಗಿತ್ತು. ಅವಳು ಮಸಾಲೆ ಬದಲಿಸಿದಳು, ಎಣ್ಣೆ ಬದಲಿಸಿದಳು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೈಯಳತೆ ಕಲಿತಳು. ಇವರು ತಟ್ಟೆ ಸರಿಸುವುದು ನಿಲ್ಲಲಿಲ್ಲ. ಕ್ರಮೇಣ ಅವಳು ಕೇಳುವುದನ್ನು ಬಿಟ್ಟಳು. ತಟ್ಟೆಯನ್ನು ನೆಲಕ್ಕಿಡುವಾಗ ಟಣ್ ಎಂಬ ಸದ್ದು ಮಾತ್ರ ದೊಡ್ಡದಾಗುತ್ತ ಬಂತು. ಒಂದು ಬೆಳಿಗ್ಗೆ ಇವರು ಒಲೆಯ ಪಕ್ಕವೇ ಕೂತು ಪೇಪರು ಓದುತ್ತಿದ್ದರು, ಹಾಲು ಸೀದು ಪಾತ್ರೆ ಕರಿಯಾಗಿತ್ತು. “ಕೈ ಚಾಚಿದ್ರೆ ಒಲೆ. ಆರಿಸಬಾರದಿತ್ತಾ ಮಾವ? ಬೇಕಂತಲೇ ಬಿಟ್ರಿ ತಾನೆ?” ಎಂದು ಅವಳು ಕೂಗಿದಳು. “ಒಲೆ ಕಾಯೋಕೆ ನಾನೇನು ಕೆಲಸದವನಾ?” ಎಂದು ಇವರು ಎದ್ದುಹೋದರು. ಎರಡು ದಿನ ಇಬ್ಬರಿಗೂ ಮಾತಿರಲಿಲ್ಲ.

ಮರಿಗಳು ಬಂದ ಎರಡನೆಯ ವಾರ ದಬ್ಬಣ ಸೀನಿತು. ಚಿಕ್ಕ ಗುಂಡಿ ಕಿತ್ತ ಹಾಗೆ, ಪುಟ್ ಎಂದು.

“ತಾತ! ದಬ್ಬಣ ಕಸುಬು ಕಲಿತ್ಬಿಡ್ತು!” ಎಂದು ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಎಲ್ಲರೂ ನಕ್ಕೆವು. ಇವರೂ ನಕ್ಕರು.

ಮರುದಿನ ಮಸಿ ಸೀನಿತು. ಮೂರನೆಯ ದಿನ ದಬ್ಬಣದ ಮೂಗಿನಿಂದ ನೀರು. ನಾಲ್ಕನೆಯ ದಿನ ಆ ನೀರು ಹಳದಿಯಾಗಿ ಗಟ್ಟಿಯಾಯಿತು, ಕಣ್ಣಿನ ರೆಪ್ಪೆಗಳು ಅಂಟಿಕೊಂಡವು. “ಅರಳೆ ಹೋಗಿರುತ್ತೆ ಮೂಗಿಗೆ, ಸರಿಹೋಗುತ್ತೆ” ಎಂದ ಮಗ. ಬೇರೆ ಯಾವ ಮನೆಯಲ್ಲಾದರೂ ಎರಡನೆಯ ದಿನಕ್ಕೇ ಗಾಬರಿಯಾಗುತ್ತಿದ್ದರು. ನಮಗೆ ಅದು ಕಾಯಿಲೆಯೆಂದು ಹೊಳೆಯಲೇ ಇಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಕಪ್ಪೆ ಕೊಯ್ದವಳು ನಾನು. ನನಗೂ ಹೊಳೆಯಲಿಲ್ಲ.

ಐದನೆಯ ದಿನ ಅದು ಹಾಲಿನಲ್ಲಿ ಕಲಸಿದ ಅನ್ನವನ್ನೂ ಮೂಸದೆ ಮೂಟೆಯ ಹಿಂದೆ ಮುದುಡಿಕೊಂಡಿತು. ಸೊಸೆ ದಾರ ತರಲು ಹೋಗಿದ್ದಳು. ನನಗೆ ಅಮ್ಮನ ಬಟ್ಟಲು ನೆನಪಾಯಿತು. ಎಣ್ಣೆ ಕಾಯಿಸಿದೆ, ಕರ್ಪೂರ ಹಾಕಿದೆ, ಮರಿಯನ್ನು ಮಡಿಲಿಗೆ ಹಾಕಿಕೊಂಡು ಎದೆಗೆ, ಬೆನ್ನಿಗೆ ನಾಲ್ಕು ಬೆರಳಿನಿಂದ ಮೆಲ್ಲಗೆ ತಿಕ್ಕಿದೆ. ಮನೆ ತುಂಬ ವಾಸನೆ. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಅಲ್ಲೇ ಕಣ್ಣು ಹತ್ತಿತು.

ಎಚ್ಚರವಾದಾಗ ಮರಿ ಮೈ ನೆಕ್ಕಿಕೊಳ್ಳುತ್ತಿತ್ತು. ಅರ್ಧ ಗಂಟೆಯಲ್ಲಿ ಬಾಯಿಂದ ಜೊಲ್ಲು ಸುರಿಯಿತು, ಕಾಲು ನಡುಗಿತು, ಬಾಯಿ ತೆರೆದು ಉಸಿರೆಳೆಯತೊಡಗಿತು. ಸೊಸೆ ಮೆಟ್ಟಿಲು ಹತ್ತುತ್ತಲೇ ಕೇಳಿದಳು.

“ಅತ್ತೆ, ಏನಿದು ವಾಸನೆ? ಏನು ಹಚ್ಚಿದ್ರಿ?”

ಬಟ್ಟಲು ತೋರಿಸಿದೆ.

ಅವಳು ಬಯ್ಯಲಿಲ್ಲ. ದಾರದ ಉಂಡೆಗಳನ್ನು ಅಲ್ಲೇ ಚೆಲ್ಲಿ, ದಿಂಬಿನ ಗವಸಿನೊಳಗೆ ಮರಿಯನ್ನು ಹಾಕಿಕೊಂಡಳು. ಗಾಡಿಗೆ ಹಾಸಿಗೆ ಹೇರುತ್ತಿದ್ದ ಮಗ ತಡೆದ. “ನಾಲ್ಕು ಹಾಸಿಗೆ ತಲುಪಿಸೋದಿದೆ. ಬೆಕ್ಕಿಗೂ ಡಾಕ್ಟರಾ?”

“ಹಾಸಿಗೆಗೆ ಉಸಿರಾಡಬೇಕಾಗಿಲ್ಲ. ಹಾಸಿಗೆ ಇಳಿಸಿ, ನಮ್ಮನ್ನ ಹತ್ತಿಸಿ” ಎಂದಳು. ಹಿಂದಿನಿಂದ ಇವರು ಕೂಗುತ್ತಲೇ ಇದ್ದರು. ಗಾಡಿ ಹೊರಟಿತು. ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ನಾನೂ ಹೋಗಿದ್ದೆ.

ಪ್ರಾಣಿಗಳ ಡಾಕ್ಟರು ಮೂವತ್ತರ ಹುಡುಗಿ. ಬಟ್ಟಲನ್ನು ಮೂಸಿ ನೋಡಿ ಪಕ್ಕಕ್ಕಿಟ್ಟಳು. ಮರಿಯನ್ನು ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದು, ಒರೆಸಿ, ಬಿಸಿನೀರಿನ ಚೀಲದ ಪಕ್ಕ ಮಲಗಿಸಿದಳು. ನಡುಕ ನಿಲ್ಲಲು ಒಂದು ಸೂಜಿ ಚುಚ್ಚಿದಳು. ಬೆನ್ನಿನ ಚರ್ಮ ಚಿವುಟಿ ಬಿಟ್ಟಳು. ಅದು ಗುಡಾರದಂತೆ ಎದ್ದು ಹಾಗೇ ನಿಂತಿತು. “ಮೈಯಲ್ಲಿ ನೀರಿಲ್ಲ” ಎಂದು ಚರ್ಮದ ಕೆಳಗೆ ನೀರು ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಜ್ಜಿ, ಬೆಕ್ಕು ಮೈ ನೆಕ್ಕುತ್ತೆ. ಅದರ ಮೈಗೆ ಹಚ್ಚಿದ್ದು ಹೊಟ್ಟೆಗೆ ಹಾಕಿದ ಹಾಗೆ. ಕರ್ಪೂರ ಅದಕ್ಕೆ ವಿಷ. ನಮ್ಮ ಜ್ವರದ ಮಾತ್ರೆ ಕಾಲು ಚೂರು ಕೊಟ್ಟರೂ ವಿಷ. ನೀವು ಪ್ರೀತಿಯಿಂದ ಮಾಡಿದ್ದು ಅಂತ ಗೊತ್ತು. ಅದಕ್ಕೇ ಇನ್ನೊಂದು ಸಲ ಮಾಡಬೇಡಿ ಅಂತ ಹೇಳ್ತಿದ್ದೀನಿ.”

ಆ ‘ಪ್ರೀತಿಯಿಂದ’ ಎಂಬ ಮಾತನ್ನು ಅವಳು ಸೇರಿಸಬೇಕೆಂದೇನೂ ಇರಲಿಲ್ಲ. ಸೇರಿಸಿದಳು.

“ಅರಳೆ ಮೂಗಿಗೆ ಹೋಗಿ ಹೀಗಾಯ್ತಾ?” ಎಂದು ಸೊಸೆ ಕೇಳಿದಳು.

“ಧೂಳು ಕಾಟ ಹೆಚ್ಚು ಮಾಡುತ್ತೆ. ಆದ್ರೆ ಮೂಲ ಬೇರೆ. ಇದು ಮರಿಗಳಿಗೆ ಬರೋ ವೈರಸ್ ನೆಗಡಿ, ಒಂದರಿಂದ ಒಂದಕ್ಕೆ ಹರಡುತ್ತೆ. ನಿಮಗೆ ಹರಡಲ್ಲ. ಅದರ ಮೇಲೆ ಈಗ ಕೀವಿನ ಸೋಂಕು ಕೂತಿದೆ, ಅದಕ್ಕೇ ಹಳದಿ. ಬರೀ ಸೀನಿದ್ರೆ ಕಾಯಬಹುದು. ಕಣ್ಣು ಅಂಟಿದ್ರೆ, ಒಂದು ದಿನ ಊಟ ಬಿಟ್ರೆ ಕಾಯಬಾರದು. ಬಾಯಿ ತೆರೆದು ಉಸಿರಾಡಿದ್ರೆ ಚಪ್ಪಲಿ ಹುಡುಕ್ತಾ ನಿಲ್ಲಬಾರದು. ಈಗ ಇದನ್ನ ಉಳಿಸೋದು ಔಷಧಿಗಿಂತ ಊಟ.”

“ಊಟಾನೇ ಮಾಡಲ್ವಲ್ಲ. ಏನು ಕೊಟ್ರೂ ತಿರುಗಿ ನೋಡಲ್ಲ.”

“ಹೇಗೆ ತಿನ್ನುತ್ತೆ? ಮೂಗು ಕಟ್ಟಿದೆ. ಬೆಕ್ಕಿಗೆ ವಾಸನೆ ಬರದಿದ್ರೆ ಅದು ಊಟ ಅಂತಲೇ ಗೊತ್ತಾಗಲ್ಲ. ಎಷ್ಟು ಚೆನ್ನಾಗಿರೋದು ಕೊಟ್ರೂ ಮಣ್ಣು ಕೊಟ್ಟ ಹಾಗೆ. ಮೊದಲು ಮೂಗು ಬಿಡಿಸಿ. ಆಮೇಲೆ ಜೋರು ವಾಸನೆಯ ಮೀನು, ಬಿಸಿ ಮಾಡಿ ಕೊಡಿ.”

ಸೊಸೆ ನನ್ನನ್ನೇ ನೋಡಿದಳು. ನಾನು ಅವಳನ್ನು ನೋಡಿದೆ. ಇಬ್ಬರ ಕಣ್ಣ ಮುಂದೆಯೂ ಒಂದೇ ತಟ್ಟೆ, ಅದನ್ನು ಸರಿಸುವ ಒಂದೇ ಕೈ.

ಮರುದಿನ ಮಧ್ಯಾಹ್ನ ಇವರು ಊಟಕ್ಕೆ ಕೂತರು. ಮೀನಿನ ಸಾರು. ಎರಡು ತುತ್ತು. ತಟ್ಟೆ ಸರಿಯಿತು.

“ಒದ್ದೆ ಅರಳೆ.”

“ಮಾವ, ನಿನ್ನೆ ಮನೆಯಲ್ಲಿ ಏನು ವಾಸನೆ ಇತ್ತು?”

“ಯಾವ ವಾಸನೆ?”

“ಕರ್ಪೂರ. ಬೀದಿಯವರು ಮೂಗು ಮುಚ್ಚಿಕೊಂಡು ಹೋದ್ರು. ನೀವು ಮಾತ್ರ ಒಂದು ಮಾತೂ ಕೇಳಲಿಲ್ಲ. ಅವತ್ತು ಹಾಲು ಸೀದಾಗಲೂ ಪಕ್ಕದಲ್ಲೇ ಕೂತಿದ್ರಿ.”

“ಏನು ಹೇಳ್ಬೇಕು ಅಂತಿದ್ಯಾ?”

“ನಿಮಗೆ ವಾಸನೆ ಬರಲ್ಲ. ಯಾವಾಗಿಂದ ಅಂತ ನಿಮಗೇ ಗೊತ್ತಿಲ್ಲ. ನನ್ನ ಅಡುಗೇಲಿ ಏನೂ ಕೆಟ್ಟಿಲ್ಲ, ಕೆಟ್ಟಿರೋದು ನಿಮ್ಮ ಮೂಗು. ದಬ್ಬಣಕ್ಕೆ ಆಗಿರೋದೇ ನಿಮಗೂ ಆಗಿದೆ.”

“ನನ್ನನ್ನ ಬೆಕ್ಕಿಗೆ ಹೋಲಿಸ್ತೀಯಾ?” ಇವರು ಎದ್ದು ನಿಂತರು.

“ಹೋಲಿಸಿ ಬೆಕ್ಕಿಗೆ ಅವಮಾನ ಮಾಡಲ್ಲ ಮಾವ. ಅದು ಊಟ ಬಿಟ್ಟಿತೇ ಹೊರತು ಮಾಡಿದವಳನ್ನ ಬಯ್ಯಲಿಲ್ಲ.”

ಮೊಮ್ಮಗಳ ಕೈಯಿಂದ ಲೋಟ ಜಾರಿತು. ಮಗ ತಟ್ಟೆಯೊಳಗೆ ತಲೆ ತೂರಿಸಿದ. ಇವರು ಎಂದಿನಂತೆ ನನ್ನ ಕಡೆ ತಿರುಗಿದರು. “ಕೇಳಿಸ್ಕೊಂಡ್ಯಾ? ಮಾತಾಡು!”

ನಾನು ಮಾತಾಡಿದೆ.

“ಕೇಳಿಸ್ಕೊಂಡೆ. ಸರಿಯಾಗೇ ಹೇಳಿದ್ದಾಳೆ. ಆರು ವರ್ಷದಿಂದ ನಾನೂ ಅದೇ ಊಟ ಮಾಡ್ತಿದ್ದೀನಿ ರೀ. ನಾನು ಮಾಡ್ತಿದ್ದದ್ದಕ್ಕಿಂತ ರುಚಿಯಾಗಿದೆ. ಒಂದು ದಿನವೂ ಅದನ್ನ ಬಾಯಿಬಿಟ್ಟು ಹೇಳಲಿಲ್ಲ, ತಪ್ಪು ನನ್ನದು. ಇವತ್ತು ಹೇಳ್ತಿದ್ದೀನಿ.”

“ನೀನೂನಾ?”

“ಹೌದು. ನಾನೂ.”

ಇವರು ಕೈ ತೊಳೆಯದೆ ಕೆಳಗೆ ಹೋದರು. ಹಿಂಜುವ ಯಂತ್ರ ಊಟದ ಹೊತ್ತಿನಲ್ಲೇ ಗರ್ ಎಂದಿತು. ಸೊಸೆ ಆ ತಟ್ಟೆ ಎತ್ತುತ್ತ, ಅಷ್ಟೂ ಮೆಟ್ಟಿಲಿಗೆ ಕೇಳುವಂತೆ ಹೇಳಿದಳು: “ನಾಳೆಯಿಂದ ಅಡುಗೆ ಮಾಡಿ ಮುಚ್ಚಿಟ್ಟಿರ್ತೀನಿ. ಬೇಕಾದೋರು ಬಡಿಸ್ಕೊಳ್ಳಲಿ. ನನಗೆ ಬೇರೆ ರೋಗಿ ಇದ್ದಾರೆ.”

ಆಡಿದಂತೆ ನಡೆದುಕೊಂಡಳು. ಮೇಲಿನ ಸಣ್ಣ ಕೋಣೆಯ ಬಾಗಿಲಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ಅರಳೆ ಧೂಳು ಬಾರದಂತೆ ಮಾಡಿ, ಮರಿಗಳನ್ನು ಅಲ್ಲಿಟ್ಟಳು. ಇನ್ನೂ ಸೀನದಿದ್ದ ಬಿಳಿಯದನ್ನು ಬೇರೆ ಡಬ್ಬಿಯಲ್ಲಿ, ನನ್ನ ಮಂಚದ ಪಕ್ಕ. ಮಸಿಯ ನೆಗಡಿ ಹಗುರಾಗಿತ್ತು, ದಬ್ಬಣದ್ದೇ ಚಿಂತೆ. ದಿನಕ್ಕೆ ಮೂರು ಸಲ ಬಚ್ಚಲಲ್ಲಿ ಬಿಸಿನೀರು ತೋಡಿ, ಬಾಗಿಲು ಮುಚ್ಚಿ, ಹಬೆಯಲ್ಲಿ ಅದನ್ನು ಎತ್ತಿಕೊಂಡು ಹತ್ತು ನಿಮಿಷ ಕೂರುತ್ತಿದ್ದಳು. ಬರೀ ನೀರು, ಅದಕ್ಕೆ ಏನೂ ಹಾಕದೆ. ಆಮೇಲೆ ಕುದಿಸಿ ಆರಿಸಿದ ನೀರಲ್ಲಿ ಅರಳೆ ಅದ್ದಿ ಕಣ್ಣು, ಮೂಗು ಒರೆಸುವುದು. ಒಂದೊಂದು ಕಣ್ಣಿಗೆ ಒಂದೊಂದು ಅರಳೆ. ಕಣ್ಣಿಗೆ ಹನಿ, ಬಾಯಿಗೆ ಔಷಧಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು. ಬಟ್ಟಲಲ್ಲಿ ಕಲಸಿದ ಮೀನನ್ನು ನಾನು ಬೆರಳಿನಿಂದ ಅದರ ತುಟಿಗೆ ಸವರುತ್ತಿದ್ದೆ. ಮೂರು ದಿನ ಅದು ಮುಖ ತಿರುಗಿಸಿತು. ಸೂಜಿಯಿಲ್ಲದ ಸಿರಿಂಜಿನಲ್ಲಿ ತೊಟ್ಟು ತೊಟ್ಟಾಗಿ ಬಾಯಿಯ ಪಕ್ಕಕ್ಕೆ ಬಿಡಬೇಕಾಯಿತು. “ಇನ್ನು ಬದುಕುತ್ತಾ ಅಜ್ಜಿ?” ಎಂದು ಮೊಮ್ಮಗಳು ಕೇಳಿದಾಗ ಸೊಸೆಯೇ ಉತ್ತರ ಕೊಟ್ಟಳು. “ಬದುಕದೆ ಏನು? ಈ ಮನೇಲಿ ನಾನೇ ಬದುಕಿಲ್ವಾ?”

ಎರಡನೆಯ ದಿನ ಬೆಳಿಗ್ಗೆ ಕೋಣೆಯ ಹೊಸ್ತಿಲ ಮೇಲೆ ಕಾಗದದಲ್ಲಿ ಸುತ್ತಿದ ಒಂದು ಹಿಡಿ ಅರಳೆ ಇತ್ತು. ಅಂಗಡಿಯ ಸಾಮಾನ್ಯ ಅರಳೆಯಲ್ಲ. ಎಳೆಮಕ್ಕಳ ಹಾಸಿಗೆಗೆಂದು ತೆಗೆದಿಡುವ, ಸಿಪ್ಪೆಯ ಚೂರೂ ಇಲ್ಲದ ಉದ್ದನೆಯ ಎಳೆಯದು. ಕೈಯಲ್ಲಿ ಬಿಡಿಸಿ ಬಿಡಿಸಿ ಹದ ಮಾಡಿತ್ತು. ಸೊಸೆ ಅದನ್ನು ಮುಟ್ಟಿ ನೋಡಿ, “ಯಾರು ಇಟ್ಟಿದ್ದು?” ಎಂದಳು.

“ಇಲಿ ಇರಬೇಕು” ಎಂದೆ. ಅವಳು ಅದರಲ್ಲೇ ಕಣ್ಣು ಒರೆಸಿದಳು.

ಇವರು ತಾವೇ ಬಡಿಸಿಕೊಂಡು ತಾವೇ ತಟ್ಟೆ ತೊಳೆದರು. ನಲವತ್ತು ವರ್ಷ ಮೂಟೆಯೆತ್ತಿದ ಕೈಗೆ ಸೌಟು ಹಿಡಿಯಲು ಬಾರದು, ನೆಲಕ್ಕೆಲ್ಲ ಸಾರು. ಸೊಸೆ ನೋಡಿಯೂ ನೋಡದಂತೆ ದಾಟುತ್ತಿದ್ದಳು. ಒರೆಸುವ ಬಟ್ಟೆಯನ್ನು ಮಾತ್ರ ಅವರ ಕೈಗೆಟುಕುವ ಮೊಳೆಗೆ ವರ್ಗಾಯಿಸಿದ್ದಳು. ಬೆಳಿಗ್ಗೆ ಕೆಳಗೆ ಹೋದಾಗ ಒಂದು ಸಲ ನೋಡಿದೆ: ಇವರು ಒಬ್ಬರೇ ನಿಂತು, ಸೀಮೆಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು, ಮೂಗಿಗೆ ಹಿಡಿದಿದ್ದರು. ಮುಚ್ಚಿದರು. ಮತ್ತೆ ತೆರೆದು ಹಿಡಿದರು. ನಾನು ಸದ್ದು ಮಾಡದೆ ಮೇಲೆ ಬಂದೆ.

ನಾಲ್ಕನೆಯ ದಿನ ದಬ್ಬಣ ನನ್ನ ಬೆರಳನ್ನು ಮೂಸಿತು. ಮೀನಿನ ಬಟ್ಟಲಿಗೆ ಮೂಗು ತೂರಿಸಿ, ಮುಖಕ್ಕೆಲ್ಲ ಮೆತ್ತಿಕೊಂಡು, ಗುರುಗುಟ್ಟುತ್ತ ತಿಂದಿತು. ಸೊಸೆ ಬಚ್ಚಲ ಹೊಸ್ತಿಲ ಮೇಲೆ ಕೂತು ಅತ್ತಳು. ಅತ್ತದ್ದಕ್ಕೆ ಹಬೆ ಕಾರಣವೆಂದಳು.

“ಸರಿಹೋಯ್ತಲ್ಲ, ಔಷಧಿ ಸಾಕು” ಎಂದ ಮಗ.

“ಡಾಕ್ಟ್ರು ಹತ್ತು ದಿನ ಅಂದಿದ್ದಾರೆ. ಅರ್ಧ ಹೊಲಿದ ಹಾಸಿಗೆ ತಲುಪಿಸಿ ಬರ್ತೀರಾ ನೀವು?”

ಮರುದಿನದಿಂದ ಬರುವಾಗ ದಾರಿಯಲ್ಲಿ ಮೀನು ತಂದವನು ಅವನೇ.

ಆ ವಾರದ ಕೊನೆಗೆ ಇವರ ಅಂಗಿ ಒಗೆಯಲು ತೆಗೆದುಕೊಂಡಾಗ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಮೂಗು, ಗಂಟಲಿನ ಡಾಕ್ಟರದು. ಮೂಗಿಗೆ ಹೊಡೆದುಕೊಳ್ಳುವ ಔಷಧಿ, ಮುಖಕ್ಕೆ ಕಟ್ಟುವ ಬಟ್ಟೆ, ಧೂಳಿನಿಂದ ದೂರ. ನಾನು ಚೀಟಿಯನ್ನು ಮೇಜಿನ ಮೇಲಿಟ್ಟೆ. ಇವರು ನೋಡಿದರು.

“ಪೂರ್ತಿ ಬರಲ್ವಂತೆ” ಎಂದರು.

“ಸ್ವಲ್ಪ?”

“ಸ್ವಲ್ಪ ಬರಬಹುದಂತೆ. ಬೇಗ ಬಂದಿದ್ರೆ ಚೆನ್ನಾಗಿತ್ತು ಅಂದ. ನಾನು, ನಮ್ಮ ಮನೇಲಿ ಸೀನು ಕಾಯಿಲೆ ಅಲ್ಲ ಅಂದೆ. ಅವನು ನಗಲೇ ಇಲ್ಲ ಕಣೇ.”

ಸೋಮವಾರ ಯಂತ್ರದ ಮುಂದೆ ನಿಂತಾಗ ಅವರ ಮೂಗು ಬಾಯಿಗೆ ಬಟ್ಟೆ ಕಟ್ಟಿತ್ತು. ಅದು ಗವಸಿನ ಚೌಕುಳಿ ಬಟ್ಟೆ. ಅಂಚು ನೀಟಾಗಿ ಮಡಿಸಿ ಹೊಲಿದು, ಕಿವಿಗೆ ಪಟ್ಟಿ ಇಟ್ಟದ್ದು. ಮೆಟ್ಟಿಲ ಕೆಳಗೆ, ಅವರ ಚಪ್ಪಲಿಯ ಮೇಲೆ ಸಿಕ್ಕಿತಂತೆ.

“ಯಾರು ಇಟ್ಟಿದ್ದು?” ಎಂದು ನನ್ನನ್ನು ಕೇಳಿದರು.

“ಇಲಿ ಇರಬೇಕು” ಎಂದೆ.

ಆದರೂ ಮಾತು ಶುರುವಾಗಲಿಲ್ಲ. ಮಾವನೂ ಸೋಲುವವರಲ್ಲ, ಸೊಸೆಯೂ ಸೋಲುವವಳಲ್ಲ. ತಟ್ಟೆ ಮುಚ್ಚಿಯೇ ಇರುತ್ತಿತ್ತು.

ತಿಂಗಳ ಕೊನೆಯ ದಿನ ಬಂತು. ಒಂದು ವಿದ್ಯಾರ್ಥಿನಿಲಯದ ನಲವತ್ತು ಹಾಸಿಗೆಯ ಕೆಲಸ. ಸೊಸೆ ಬೆಳಿಗ್ಗೆಯಿಂದ ಕೆಳಗೆ ಹೊಲಿಗೆ ಯಂತ್ರ ಬಿಟ್ಟು ಊಟಕ್ಕೂ ಎದ್ದಿರಲಿಲ್ಲ. ದಬ್ಬಣ ಅವಳ ಮಡಿಲಲ್ಲಿ, ಉಗುರೆಲ್ಲ ಚಾಚಿಕೊಂಡು ಮಲಗಿತ್ತು. ಅವಳು ಯಾರಿಗೂ ಹೇಳದಂತೆ ಎಲ್ಲರಿಗೂ ಹೇಳಿದಳು: “ಇವು ಎಲ್ಲಿಗೂ ಹೋಗಲ್ಲ. ಮುಂದಿನ ತಿಂಗಳು ಲಸಿಕೆ ಹಾಕಿಸ್ಬೇಕು.”

ಇವರು ಊಟಕ್ಕೆಂದು ಮೇಲೆ ಬಂದರು. ಮೊಮ್ಮಗಳಿಗೆ ರಜೆ, ಬಾಯಿ ಸುಮ್ಮನಿರಲಾರದು. “ತಾತ, ಇವತ್ತು ತಿಂಗಳ ಕೊನೆ.”

“ಕ್ಯಾಲೆಂಡರು ನನಗೂ ಕಾಣುತ್ತೆ” ಎಂದರು ಇವರು. “ಮೂಗು ಹೋಗಿದೆ, ಕಣ್ಣು ಹೋಗಿಲ್ಲ.”

ನನ್ನನ್ನು ಬಿಟ್ಟು ಇನ್ನೊಬ್ಬರ ಎದುರಿಗೆ ಆ ಮಾತನ್ನು ಅವರು ಹೇಳಿದ್ದು ಅದೇ ಮೊದಲು.

ಇವರು ಪಾತ್ರೆಗಳ ಮುಚ್ಚಳ ತೆಗೆದು ನೋಡಿದರು. ಸಾರು ತಣ್ಣಗಾಗಿತ್ತು. ಒಲೆ ಹೊತ್ತಿಸಿ ಪಕ್ಕದಲ್ಲೇ ನಿಂತರು, ಕಣ್ಣು ತೆಗೆಯದೆ, ಒಂದು ಗುಳ್ಳೆ ಏಳುತ್ತಲೇ ಆರಿಸಿದರು. ತಟ್ಟೆಗೆ ಅನ್ನ ಹಾಕಿ, ದೊಡ್ಡ ಮೀನಿನ ತುಂಡು ಆರಿಸಿ, ಮೇಲೆ ಸಾರು ಬಿಟ್ಟರು. ಈ ಸಲ ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ. ಊಟಕ್ಕೆ ಕೂರುತ್ತಾರೆಂದು ನಾನು ನೀರಿನ ಲೋಟ ಇಟ್ಟೆ. ಇವರು ಕೂರಲಿಲ್ಲ. ತಟ್ಟೆಯನ್ನು ನನ್ನ ಮೂಗಿನ ಹತ್ತಿರ ಹಿಡಿದರು.

“ವಾಸನೆ ಬರ್ತಿದ್ಯಾ?”

“ಬರ್ತಿದೆ.”

“ಚೆನ್ನಾಗಿ?”

“ಚೆನ್ನಾಗಿ ಬರ್ತಿದೆ.”

ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ತಟ್ಟೆ ಹಿಡಿದು, ಅವರು ಹದಿನಾಲ್ಕು ಮೆಟ್ಟಿಲು ಇಳಿದರು. ಕೆಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ನಾನು ಬಗ್ಗಿ ನೋಡಿದಾಗ ಇವರು ತಟ್ಟೆ ಚಾಚಿ ನಿಂತಿದ್ದರು. ಸೊಸೆ ಮಡಿಲಲ್ಲಿದ್ದ ದಬ್ಬಣವನ್ನು ಎತ್ತಿ ಅವರ ಖಾಲಿ ಕೈಗೆ ಕೊಟ್ಟು, ತಟ್ಟೆ ತೆಗೆದುಕೊಂಡಳು.